ಹೊಟ್ಟೆಯ ಮಾತು: ಏನು ಬಿಡಲಿ, ಡಾಕ್ಟರೇ?

ಕಳೆದ ಸಂಚಿಕೆಯಲ್ಲಿ ಕರುಳಿನ ರೋಗನಿರೋಧಕ ಶಕ್ತಿಯ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅಷ್ಟಕ್ಕೇ ಒಂದು ಕಟ್ಟು ಪತ್ರ ಬಂದಿದೆ. ಮುಕ್ಕಾಲು ಪಾಲು ಪತ್ರಗಳಲ್ಲಿ ಒಂದೇ ಪ್ರಶ್ನೆ: ‘ಏನು ಬಿಡಬೇಕು?’ ನಾನು 26 ವರ್ಷದಿಂದ ಎಂಡೋಸ್ಕೋಪಿ ಮಾಡುತ್ತಿದ್ದೇನೆ. ಜನರ ಕರುಳಿನ ಒಳಗೋಡೆಯನ್ನು ದಿನಾ ಕಣ್ಣಾರೆ ನೋಡುತ್ತೇನೆ. ಈ ಪ್ರಶ್ನೆ ಕೇಳಿದಾಗೆಲ್ಲ ನನಗೆ ಸಂಕಟವಾಗುತ್ತದೆ. ಯಾಕೆ ಅಂತ ಮೊದಲ ಪತ್ರದಲ್ಲೇ ಗೊತ್ತಾಗುತ್ತದೆ.

*

ಪ್ರಶ್ನೆ: ನನಗೆ 34 ವರ್ಷ. ಹೊಟ್ಟೆ ಉಬ್ಬರ, ಸುಸ್ತು ಇತ್ತು. ಯಾರೋ ಹೇಳಿದರು ಅಂತ ಯಾವ ಆಹಾರ ಒಗ್ಗುವುದಿಲ್ಲ ಅಂತ ತೋರಿಸುವ ರಕ್ತಪರೀಕ್ಷೆ ಮಾಡಿಸಿದೆ. ವರದಿಯಲ್ಲಿ 41 ಪದಾರ್ಥಗಳಿಗೆ ಕೆಂಪು ಗುರುತು ಬಂತು. ಗೋಧಿ, ಹಾಲು, ಮೊಟ್ಟೆ, ಬಾದಾಮಿ, ಟೊಮೆಟೊ, ಬೆಳ್ಳುಳ್ಳಿ, ಎಲ್ಲವೂ ಇವೆ. ಎಂಟು ತಿಂಗಳಿಂದ ಎಲ್ಲ ಬಿಟ್ಟಿದ್ದೇನೆ. 9 ಕಿಲೊ ಇಳಿದಿದ್ದೇನೆ. ಈಗ ಏನು ತಿಂದರೂ ಆಗುತ್ತಿಲ್ಲ. ನನ್ನ ಕರುಳಿನ ಇಮ್ಯುನಿಟಿ ಪೂರ್ತಿ ಕೆಟ್ಟುಹೋಗಿದೆಯಾ?

ಉತ್ತರ: ಇಲ್ಲ ತಾಯಿ, ಮೊದಲು ಆ ಭಯ ಬಿಡಿ. ನೀವು ಕಳಿಸಿದ ವರದಿಯನ್ನು ಎರಡು ಸಲ ಓದಿದೆ. ಅದು ಐಜಿಜಿ ಅನ್ನುವ ಪ್ರತಿಕಾಯದ ಪರೀಕ್ಷೆ. ನಾವು ಪದೇ ಪದೇ ತಿನ್ನುವ ಪದಾರ್ಥವನ್ನು ದೇಹ ಗುರುತು ಹಿಡಿದಿಟ್ಟುಕೊಳ್ಳುತ್ತದೆ. ಆ ಗುರುತೇ ಐಜಿಜಿ. ‘ಇದನ್ನು ನೋಡಿದ್ದೇನೆ’ ಅಂತ ಅದು ಹೇಳುತ್ತದೆ, ‘ಇದು ಶತ್ರು’ ಅಂತಲ್ಲ. ಆ 41 ಹೆಸರುಗಳನ್ನು ಇನ್ನೊಂದು ಸಲ ನೋಡಿ. ಮೊದಲು ನೀವು ಜಾಸ್ತಿ ತಿನ್ನುತ್ತಿದ್ದವೇ ಅದರಲ್ಲಿ ಹೆಚ್ಚು ಇವೆ, ಅಲ್ವಾ? ಆಹಾರದ ತೊಂದರೆ ಪತ್ತೆಗೆ ಈ ಪರೀಕ್ಷೆಯನ್ನು ಬಳಸಬೇಡಿ ಅಂತ ಯುರೋಪ್, ಅಮೆರಿಕ, ಕೆನಡಾದ ಅಲರ್ಜಿ ತಜ್ಞರ ಸಂಘಗಳು ವರ್ಷಗಳ ಹಿಂದೆಯೇ ಹೇಳಿವೆ.

ನಿಮ್ಮ ಕರುಳಿನ ಗೋಡೆ ಹೇಗಿದೆ ಅಂತ ಹೇಳುತ್ತೇನೆ. ಎಂಡೋಸ್ಕೋಪಿನಲ್ಲಿ ಸಣ್ಣಕರುಳಿನ ಆರಂಭದ ಭಾಗಕ್ಕೆ ಹೋಗಿ ಸ್ವಲ್ಪ ನೀರು ಬಿಟ್ಟರೆ, ಗೋಡೆಯ ತುಂಬ ಎದ್ದುನಿಂತ ಸಣ್ಣ ಸಣ್ಣ ಎಳೆಗಳು ಕಾಣುತ್ತವೆ. ನೀರು ಅಲುಗಿದ ಕಡೆಗೆ ಅವೂ ಅಲುಗುತ್ತವೆ, ನೀರಿನಡಿಯ ಹುಲ್ಲಿನ ಹಾಗೆ. ಎಷ್ಟು ಸಲ ನೋಡಿದರೂ ನನಗೆ ಸಾಕಾಗುವುದಿಲ್ಲ. ಆ ಒಂದೊಂದು ಎಳೆಯನ್ನೂ ಹೊದಿಸಿರುವುದು ಒಂದೇ ಪದರದ ಜೀವಕೋಶ. ಒಂದೇ ಪದರ! ಅದೂ ಮೂರರಿಂದ ಐದು ದಿನಕ್ಕೊಮ್ಮೆ ಉದುರಿ ಹೊಸದಾಗುತ್ತದೆ. ಅದರಾಚೆ ನಿಮ್ಮ ಊಟ ಮತ್ತು ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾ. ಈಚೆಗೆ ನಿಮ್ಮ ರಕ್ತ. ದೇಹದ ರೋಗನಿರೋಧಕ ಕೋಶಗಳಲ್ಲಿ ದೊಡ್ಡ ಪಾಲು ಕರುಳಿನಲ್ಲೇ ಬೀಡು ಬಿಟ್ಟಿರುವುದು ಅದಕ್ಕೇ. ಸಣ್ಣಕರುಳಿನ ಗೋಡೆಯಲ್ಲಿ ಆ ಕೋಶಗಳು ಗುಂಪುಗಟ್ಟಿ ಕೂತ ಜಾಗಗಳನ್ನು ಸ್ವಿಟ್ಜರ್ಲೆಂಡಿನ ಯೋಹಾನ್ ಕೊನ್ರಾಡ್ ಪೇಯರ್ 1677ರಲ್ಲೇ ವರ್ಣಿಸಿದ್ದ. ಅವಕ್ಕೆ ಇವತ್ತಿಗೂ ಅವನದೇ ಹೆಸರು.

ಕಾವಲು ಅಂದರೆ ಹೊಡೆದೋಡಿಸುವುದು ಅಂತ ನಾವು ಅಂದುಕೊಳ್ಳುತ್ತೇವೆ. ಆದರೆ ಕರುಳಿನ ಕಾವಲಿನ ಹೆಚ್ಚಿನ ಹೊತ್ತು ಹೋಗುವುದು ಸುಮ್ಮನೆ ಬಿಡುವುದರಲ್ಲಿ. ಊಟದಲ್ಲಿ ಬರುವ ಸಾವಿರಾರು ಪರಕೀಯ ಪ್ರೋಟೀನುಗಳನ್ನು ನೋಡಿ, ಗುರುತಿಸಿ, ಕೆಣಕದೆ ಒಳಗೆ ಬಿಟ್ಟುಕೊಳ್ಳಬೇಕು. ಆ ತಾಳ್ಮೆ ಕಾಯುವುದಕ್ಕೇ, ಟಿ ಕೋಶ ಅನ್ನುವ ರೋಗನಿರೋಧಕ ಕೋಶಗಳಲ್ಲಿ ಒಂದು ಬಗೆಯವು ಇವೆ. ಜಗಳ ಬಿಡಿಸುವುದೇ ಅವುಗಳ ಕೆಲಸ. ಅವುಗಳನ್ನು ಪತ್ತೆಹಚ್ಚಿ ಅರ್ಥ ಮಾಡಿಸಿದ್ದಕ್ಕೆ ಶಿಮೊನ್ ಸಕಾಗುಚಿ, ಮೇರಿ ಬ್ರಂಕೊ, ಫ್ರೆಡ್ ರಾಮ್ಸ್‌ಡೆಲ್ ಅವರಿಗೆ 2025ರ ನೊಬೆಲ್ ಬಂತು. ಕರುಳಿಗೆ ಈ ತಾಳ್ಮೆ ಬರುವುದು ಆಹಾರ ಬಾಯಿಂದ ಬಂದು ಅದರ ಮುಂದೆ ಹಾದುಹೋದಾಗ. ತಟ್ಟೆಯಿಂದ 41 ಪದಾರ್ಥ ತೆಗೆದರೆ ಕಾವಲಿಗೆ ವಿಶ್ರಾಂತಿ ಸಿಗುವುದಿಲ್ಲ, ಪೋಷಣೆ ತಪ್ಪುತ್ತದೆ.

ನನ್ನದೇ ಒಂದು ತಪ್ಪು ಹೇಳಲೇಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ 19 ವರ್ಷದ ಹುಡುಗನೊಬ್ಬ ಬರುತ್ತಿದ್ದ. ಊಟವಾದರೆ ಹೊಟ್ಟೆನೋವು, ಭೇದಿ. ಪ್ರತಿ ಸಲವೂ ನಾನು ಒಂದು ಚೀಟಿಯಲ್ಲಿ ಬಿಡಬೇಕಾದ್ದನ್ನು ಬರೆದು ಕೊಡುತ್ತಿದ್ದೆ. ನಾಲ್ಕನೇ ಸಲ ಬಂದಾಗ ಅಂಗಿ ಮೈಮೇಲೆ ನಿಲ್ಲುತ್ತಿರಲಿಲ್ಲ. ಜೇಬಿನಿಂದ ಚೀಟಿ ತೆಗೆದ. ಮಡಿಸಿ ಮಡಿಸಿ ಹರಿದಿತ್ತು, ಟೇಪು ಹಚ್ಚಿ ಜೋಡಿಸಿಕೊಂಡಿದ್ದ. ಅಷ್ಟು ನಿಷ್ಠೆಯಿಂದ ಪಾಲಿಸಿದ್ದ. ಆಮೇಲೆ ಉಸಿರಿನ ಪರೀಕ್ಷೆ ಮಾಡಿಸಿದಾಗ ತಿಳಿಯಿತು, ಅವನಿಗೆ ಆಗದೇ ಇದ್ದದ್ದು ಹಾಲಿನ ಸಕ್ಕರೆ ಒಂದೇ. ಉಳಿದ 17 ಪದಾರ್ಥಗಳನ್ನು ನಾನು ಸುಮ್ನೆ ಬಿಡಿಸಿದ್ದೆ. ಆ ಚೀಟಿಯನ್ನು ಅವನಿಂದ ಕೇಳಿ ತೆಗೆದುಕೊಂಡೆ. ಈಗಲೂ ನನ್ನ ಮೇಜಿನ ಡ್ರಾಯರಿನಲ್ಲಿದೆ.

ಈಗ ನಿಮ್ಮ ವಿಷಯ. 9 ಕಿಲೊ ಇಳಿದಿದ್ದೀರಿ, ಅದನ್ನು ಹಗುರವಾಗಿ ನೋಡಬಾರದು. ಹತ್ತಿರದ ಹೊಟ್ಟೆಯ ಡಾಕ್ಟರನ್ನು ಕಾಣಿ. ರಕ್ತಹೀನತೆ, ಥೈರಾಯ್ಡ್, ಮಲದಲ್ಲಿ ಉರಿಯೂತದ ಗುರುತು, ಇಷ್ಟಂತೂ ನೋಡಿಸಿ. ಗೋಧಿ ಬಿಟ್ಟಿದ್ದೀರಿ ಅನ್ನುವುದನ್ನು ಅವರಿಗೆ ಮರೆಯದೆ ಹೇಳಿ. ಸೀಲಿಯಾಕ್ ಅನ್ನುವ ಕಾಯಿಲೆಯಲ್ಲಿ ಗೋಧಿಯ ಗ್ಲುಟೆನ್ ಕಂಡರೆ ಕಾವಲು ನಿಜಕ್ಕೂ ತಿರುಗಿಬೀಳುತ್ತದೆ. ನಾನು ಹೇಳಿದ ಆ ಎಳೆಗಳೆಲ್ಲ ಸವೆದು ಗೋಡೆ ಬೋಳಾಗುತ್ತದೆ. ಆದರೆ ಗೋಧಿ ನಿಲ್ಲಿಸಿ ತಿಂಗಳುಗಳಾಗಿದ್ದರೆ ಪರೀಕ್ಷೆಯಲ್ಲಿ ಅದು ಸಿಗದೇ ಹೋಗಬಹುದು. ಎಷ್ಟು ವಾರ ಮತ್ತೆ ಗೋಧಿ ತಿಂದು ಪರೀಕ್ಷೆ ಮಾಡಿಸಬೇಕು ಅಂತ ಅವರೇ ಹೇಳುತ್ತಾರೆ.

ತಿಂದ ಕೆಲವೇ ನಿಮಿಷದಿಂದ ಎರಡು ಗಂಟೆಯೊಳಗೆ ಮೈಮೇಲೆ ದದ್ದು ಎದ್ದದ್ದು, ತುಟಿ ಊದಿದ್ದು, ಉಸಿರು ಕಟ್ಟಿದ್ದು ಯಾವ ಪದಾರ್ಥಕ್ಕಾದರೂ ಇದ್ದರೆ ಅದನ್ನು ಮನೆಯಲ್ಲಿ ಮುಟ್ಟಬೇಡಿ. ಉಳಿದದ್ದನ್ನು ಒಂದೊಂದಾಗಿ ವಾಪಸ್ ತನ್ನಿ. ಮೂರು ದಿನಕ್ಕೆ ಒಂದು, ಮೊದಲ ದಿನ ಎರಡು ಚಮಚ ಸಾಕು. ಎಂಟು ತಿಂಗಳು ಕಾಣದ ಆಹಾರ ಬಂದಾಗ ಸ್ವಲ್ಪ ಉಬ್ಬರ ಆಗುತ್ತದೆ. ಅದು ಅಲರ್ಜಿ ಅಲ್ಲ.

*

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ, 61 ವರ್ಷ. ನಾರು ಜೀರ್ಣವೇ ಆಗುವುದಿಲ್ಲ ಅಂತ ಪಾಠ ಮಾಡಿದವನು. ಜೀರ್ಣವಾಗದ್ದರಿಂದ ರೋಗನಿರೋಧಕ ಶಕ್ತಿ ಹೇಗೆ ಬರುತ್ತದೆ? ಕಾಳು ತಿಂದರೆ ನನಗೆ ಬರುವುದು ಗ್ಯಾಸು ಮಾತ್ರ.

ಉತ್ತರ: ಮೇಷ್ಟ್ರೇ, ನೀವು ಮಾಡಿದ ಪಾಠ ಸರಿಯಾಗಿಯೇ ಇದೆ. ನಾರು ನಮಗೆ ಜೀರ್ಣವಾಗುವುದಿಲ್ಲ. ಆದರೆ ದೊಡ್ಡಕರುಳಿನಲ್ಲಿ ಇನ್ನೊಬ್ಬರು ಉಣ್ಣಲು ಕಾದಿರುತ್ತಾರೆ. ಒಬ್ಬ ಮನುಷ್ಯನ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ ಇವೆ ಅಂತ 2016ರ ಒಂದು ಲೆಕ್ಕ. ಅದರಲ್ಲಿ ಬಹುತೇಕ ಎಲ್ಲವೂ ದೊಡ್ಡಕರುಳಿನಲ್ಲೇ. ನಾರನ್ನು ಅವು ಹುಳಿ ಬರಿಸಿ ಸಣ್ಣ ಸಣ್ಣ ಕೊಬ್ಬಿನಾಮ್ಲಗಳನ್ನಾಗಿ ಮಾಡುತ್ತವೆ. ನಿಮಗೆ ಬರುವ ಗ್ಯಾಸು ಆ ಅಡುಗೆಮನೆಯ ಹೊಗೆ.

ಆ ಕೊಬ್ಬಿನಾಮ್ಲಗಳಲ್ಲಿ ಬ್ಯುಟಿರೇಟ್ ಅನ್ನುವುದು ಒಂದು. ಇದರ ಬಗ್ಗೆ ಹೇಳಲು ಕೂತರೆ ನನಗೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. ದೇಹದ ಬೇರೆ ಕೋಶಗಳಿಗೆ ಹೆಚ್ಚಾಗಿ ಊಟ ಬರುವುದು ರಕ್ತದಿಂದ. ದೊಡ್ಡಕರುಳಿನ ಗೋಡೆಯ ಕೋಶಗಳು ಮಾತ್ರ ತಮ್ಮ ಶಕ್ತಿಯ ಬಹುಪಾಲನ್ನು ಬ್ಯುಟಿರೇಟ್‌ನಿಂದ ಪಡೆಯುತ್ತವೆ. ಅಂದರೆ ಅವುಗಳ ಊಟ ಬರುವುದು ಬ್ಯಾಕ್ಟೀರಿಯಾದ ಕೈಯಿಂದ, ಬ್ಯಾಕ್ಟೀರಿಯಾಗೆ ಊಟ ನಿಮ್ಮ ಕೈಯಿಂದ. 2013ರಲ್ಲಿ ಜಪಾನ್ ಮತ್ತು ಅಮೆರಿಕದ ಮೂರು ತಂಡಗಳು ಬೇರೆ ಬೇರೆಯಾಗಿ ಒಂದೇ ವಿಷಯ ಕಂಡವು. ಇಲಿಗಳಲ್ಲಿ ಈ ಕೊಬ್ಬಿನಾಮ್ಲಗಳು ಕರುಳಿನಲ್ಲಿ ಜಗಳ ಬಿಡಿಸುವ ಟಿ ಕೋಶಗಳನ್ನು ಹೆಚ್ಚಿಸುತ್ತವೆ. ಮೊದಲ ಪತ್ರದಲ್ಲಿ ಹೇಳಿದೆನಲ್ಲ, ಅವೇ.

ಇನ್ನು ಲೋಳೆಯ ವಿಚಾರ. ದೊಡ್ಡಕರುಳಿನ ಒಂದು ಚೂರನ್ನು ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿಟ್ಟರೆ, ಸಾಲು ಕೋಶಗಳ ನಡುವೆ ಬಟ್ಟಲಿನ ಆಕಾರದ ಕೋಶಗಳು ಕಾಣುತ್ತವೆ. ಒಳಗೆ ಖಾಲಿ ಇದ್ದ ಹಾಗೆ ಬೆಳ್ಳಗಿರುತ್ತವೆ. ವಿದ್ಯಾರ್ಥಿಯಾಗಿದ್ದಾಗ ನಾನು ಅವು ಸತ್ತ ಕೋಶಗಳು ಅಂದುಕೊಂಡಿದ್ದೆ. ಖಾಲಿ ಅಲ್ಲ, ತುಂಬ ಲೋಳೆ. ಅದು ಹೊರಗೆ ಬಂದು ಗೋಡೆಯ ಮೇಲೆ ಎರಡು ಪದರವಾಗಿ ಕೂರುತ್ತದೆ. ಹೊರಪದರದಲ್ಲಿ ಬ್ಯಾಕ್ಟೀರಿಯಾ ಓಡಾಡುತ್ತವೆ. ಒಳಪದರ ಆರೋಗ್ಯವಂತರಲ್ಲಿ ಹೆಚ್ಚುಕಡಿಮೆ ಚೊಕ್ಕಟ. ಕಾವಲಿನವರಿಗೂ ಬ್ಯಾಕ್ಟೀರಿಯಾಗೂ ದಿನಾ ಮುಖಾಮುಖಿ ಆಗದಂತೆ ತಡೆಯುವುದು ಈ ತೆಳು ಪದರವೇ.

ನಾರು ಸಿಗದಿದ್ದರೆ? 2016ರಲ್ಲಿ ಒಂದು ಪ್ರಯೋಗ ನಡೆಯಿತು. ಮನುಷ್ಯರ ಕರುಳಿನ ಆಯ್ದ ಬ್ಯಾಕ್ಟೀರಿಯಾಗಳನ್ನು ಇಲಿಗಳಿಗೆ ಕೊಟ್ಟು, ನಾರೇ ಇಲ್ಲದ ಆಹಾರ ಹಾಕಿದರು. ಹಸಿದ ಬ್ಯಾಕ್ಟೀರಿಯಾ ಲೋಳೆಯನ್ನೇ ತಿನ್ನತೊಡಗಿದವು. ಪದರ ತೆಳುವಾಯಿತು. ಆಮೇಲೆ ಒಂದು ರೋಗಾಣು ಬಿಟ್ಟಾಗ ಆ ಇಲಿಗಳು ಜಾಸ್ತಿ ನರಳಿದವು. ಇಲಿಯಲ್ಲಿ ಆದದ್ದೆಲ್ಲ ಮನುಷ್ಯನಲ್ಲೂ ಹಾಗೇ ಆಗುತ್ತದೆ ಅಂತ ನಾನು ಹೇಳುವುದಿಲ್ಲ. ಆದರೂ ಈ ಪ್ರಯೋಗ ಓದಿದ ದಿನದಿಂದ ನನ್ನ ತಟ್ಟೆಯಲ್ಲಿ ಕಾಳು, ಸೊಪ್ಪು ಇಲ್ಲದ ಊಟ ಅಪರೂಪ.

ಸೊಪ್ಪು, ಕೋಸು ಬರೀ ನಾರಿಗಲ್ಲ. ಎಲೆಕೋಸು, ಹೂಕೋಸು, ಬ್ರಾಕೊಲಿಯಲ್ಲಿ ಇರುವ ಕೆಲವು ಪದಾರ್ಥಗಳು ಕರುಳಿನ ಕೋಶಗಳಲ್ಲಿ ಸಂಕೇತ ಹಿಡಿಯುವ ಒಂದು ಗ್ರಾಹಕಕ್ಕೆ (ರಿಸೆಪ್ಟರ್) ಹೋಗಿ ಅಂಟಿಕೊಳ್ಳುತ್ತವೆ. ಆ ಸಂಕೇತ ಸಿಗದ ಇಲಿಗಳಲ್ಲಿ ಗೋಡೆಯ ಕೋಶಗಳ ಸಂದಿಯಲ್ಲಿ ಕೂತು ಕಾಯುವ ಪುಟ್ಟ ಕಾವಲುಕೋಶಗಳ ಸಂಖ್ಯೆಯೇ ಕುಸಿಯಿತು ಅಂತ 2011ರಲ್ಲಿ ತೋರಿಸಿದರು.

ನಿಮ್ಮ ಗ್ಯಾಸಿಗೆ ಉಪಾಯ ನಿಧಾನ. ಕಾಳನ್ನು ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಮೆತ್ತಗೆ ಬೇಯಿಸಿ. ಮೊದಲ ವಾರ ದಿನಕ್ಕೆ ಎರಡೇ ಚಮಚ. ವಾರ ವಾರ ಸ್ವಲ್ಪ ಏರಿಸಿ. ನೀರು ಚೆನ್ನಾಗಿ ಕುಡಿಯಿರಿ. ದೊಡ್ಡವರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಂದೇ ವಾರದಲ್ಲಿ ಅಲ್ಲಿಗೆ ಜಿಗಿಯಬೇಡಿ. ನಿಮ್ಮ ವಯಸ್ಸಿನಲ್ಲಿ ಮಲದ ರೀತಿ ಹೊಸದಾಗಿ ಬದಲಾಗಿದ್ದರೆ, ರಕ್ತ ಕಂಡಿದ್ದರೆ ಮಾತ್ರ ಕಾಳಿನ ಲೆಕ್ಕ ಬಿಟ್ಟು ಮೊದಲು ಡಾಕ್ಟರ ಹತ್ತಿರ ಹೋಗಿ.

*

ಪ್ರಶ್ನೆ: ಮೇಡಂ, ‘ಇಮ್ಯುನಿಟಿ’ ಅಂತ ಬರೆದ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಅದರಲ್ಲಿ ವಿಟಮಿನ್ ಎ, ಡಿ, ಜಿಂಕ್ ಇವೆ. ಇವು ಕರುಳಿಗೆ ಒಳ್ಳೆಯದಂತೆ. ಡೋಸ್ ಎರಡರಷ್ಟು ಮಾಡಲಾ?

ಉತ್ತರ: ಬೇಡ. ಮೂರೂ ಕರುಳಿಗೆ ಬೇಕು ಅನ್ನುವುದು ನಿಜ. ಕೊರತೆ ಇದ್ದಾಗ ತುಂಬಿಸಿದರೆ ಲಾಭ, ತುಂಬಿದ ಮೇಲೂ ಸುರಿದರೆ ತೊಂದರೆ.

ವಿಟಮಿನ್ ಎ ಕಥೆ ಕೇಳಿ. ಆಲ್ಫ್ರೆಡ್ ಸೊಮ್ಮರ್ ಅಮೆರಿಕದ ಕಣ್ಣಿನ ಡಾಕ್ಟರು. ಇಂಡೊನೇಷ್ಯಾದಲ್ಲಿ ಇರುಳುಗಣ್ಣಿನ ಮಕ್ಕಳನ್ನು ನೋಡುತ್ತಿದ್ದರು. ಆ ಮಕ್ಕಳು ಉಳಿದವರಿಗಿಂತ ಹೆಚ್ಚಾಗಿ ಸಾಯುತ್ತಿದ್ದದ್ದು ಅವರ ಲೆಕ್ಕದಲ್ಲಿ ಕಂಡಿತು. ವಿಟಮಿನ್ ಎ ಕ್ಯಾಪ್ಸೂಲ್ ಕೊಟ್ಟ ಹಳ್ಳಿಗಳಲ್ಲಿ ಮಕ್ಕಳ ಸಾವು ಸುಮಾರು ಮೂರನೇ ಒಂದರಷ್ಟು ಕಡಿಮೆಯಾಯಿತು ಅಂತ 1986ರಲ್ಲಿ ಪ್ರಕಟಿಸಿದರು. ಕಣ್ಣಿನ ವಿಟಮಿನ್ ಸೋಂಕಿನಿಂದ ಹೇಗೆ ಕಾಪಾಡಿತು? ಒಂದು ಸುಳಿವು 2004ರಲ್ಲಿ ಜಪಾನಿನಿಂದ ಬಂತು. ಕರುಳಿನ ಕೆಲವು ಕೋಶಗಳು ವಿಟಮಿನ್ ಎ ಯನ್ನು ರೆಟಿನೋಯಿಕ್ ಆಮ್ಲವಾಗಿ ಬದಲಿಸುತ್ತವೆ. ಅದು ತಗುಲಿದ ಟಿ ಕೋಶಕ್ಕೆ ಕರುಳಿನ ವಿಳಾಸ ಬರೆದಂತೆ. ರಕ್ತದಲ್ಲಿ ಸುತ್ತಾಡಿ ಅದು ನೇರ ಕರುಳಿಗೇ ಬಂದು ಸೇರುತ್ತದೆ. ವಿಟಮಿನ್ ಎ ಇಲ್ಲದಿದ್ದರೆ ಕಾವಲುಗಾರರಿದ್ದೂ ಗೋಡೆಯ ಹತ್ತಿರ ಬೇಕಾದಷ್ಟು ಜನ ಇರುವುದಿಲ್ಲ.

ಜಿಂಕ್ ಹೊಸ ಕೋಶ ಹುಟ್ಟಲು ಬೇಕು. ಐದು ದಿನಕ್ಕೊಮ್ಮೆ ಹೊಸದಾಗುವ ಗೋಡೆಗೆ ಅದು ಎಷ್ಟು ಮುಖ್ಯ ಅಂತ ನೀವೇ ಊಹಿಸಿ. ಭೇದಿಯಾದ ಮಕ್ಕಳಿಗೆ ಓಆರ್‌ಎಸ್ ಜೊತೆ ದಿನಕ್ಕೆ 20 ಮಿಲಿಗ್ರಾಂ ಜಿಂಕ್ ಅನ್ನು 10ರಿಂದ 14 ದಿನ ಕೊಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ 2004ರಲ್ಲಿ ಹೇಳಿದ್ದು ಇದಕ್ಕೇ. ಆರು ತಿಂಗಳೊಳಗಿನ ಕೂಸಿಗೆ ಅದರ ಅರ್ಧ. ಆದರೆ ಹೆಚ್ಚು ಜಿಂಕನ್ನು ತಿಂಗಳುಗಟ್ಟಲೆ ನುಂಗಿದರೆ ದೇಹಕ್ಕೆ ತಾಮ್ರ ಹತ್ತುವುದಿಲ್ಲ, ರಕ್ತಹೀನತೆ ಬರುತ್ತದೆ. ವಿಟಮಿನ್ ಎ ಜಾಸ್ತಿಯಾದರೆ ಲಿವರಿಗೆ ಪೆಟ್ಟು. ಗರ್ಭಿಣಿಯರಲ್ಲಿ ಮಗುವಿಗೇ ಅಪಾಯ. ವಿಟಮಿನ್ ಡಿ ಕಡಿಮೆಯಿದೆಯಾ ಅಂತ ರಕ್ತ ನೋಡಿಸಿ ತೆಗೆದುಕೊಳ್ಳಿ. ಉಳಿದದ್ದಕ್ಕೆ ಕ್ಯಾರೆಟ್, ಹಸಿರು ಸೊಪ್ಪು, ಮೊಟ್ಟೆ, ಕಾಳು, ಬೀಜಗಳು ಸಾಕು. ಕ್ಯಾರೆಟ್ಟನ್ನು ಒಂದಿಷ್ಟು ಎಣ್ಣೆಯೊಡನೆ ತಿನ್ನಿ, ಆಗಲೇ ಅದರ ಸತ್ವ ದೇಹಕ್ಕೆ ಹತ್ತುತ್ತದೆ.

*

ಪ್ರಶ್ನೆ: ಮೊಮ್ಮಗುವಿಗೆ ಐದು ತಿಂಗಳು ತುಂಬಿದೆ. ಮೊಟ್ಟೆ, ಕಡಲೆಕಾಯಿ ಎರಡು ವರ್ಷ ತೋರಿಸಲೇಬಾರದು, ಅಲರ್ಜಿ ಆಗುತ್ತದೆ ಅಂತ ನಾನು. ಬೇಗ ಕೊಡಬೇಕು ಅಂತ ಸೊಸೆ. ಯಾರು ಸರಿ?

ಉತ್ತರ: ಅಮ್ಮಾ, ಈ ಸಲ ಸೊಸೆಯೇ ಸರಿ. ನಿಮ್ಮ ತಪ್ಪೇನೂ ಇಲ್ಲ. ಒಂದು ಕಾಲಕ್ಕೆ ಡಾಕ್ಟರುಗಳೇ ಹಾಗೆ ಹೇಳುತ್ತಿದ್ದರು. 2015ರಲ್ಲಿ ಬ್ರಿಟನ್ನಿನ ಒಂದು ಅಧ್ಯಯನ ಬಂದ ಮೇಲೆ ಮಾತು ಬದಲಾಯಿತು. ಅಲರ್ಜಿಯ ಅಪಾಯ ಜಾಸ್ತಿಯಿದ್ದ 640 ಕೂಸುಗಳು, 4ರಿಂದ 11 ತಿಂಗಳಿನವು. ಅರ್ಧದಷ್ಟು ಮಕ್ಕಳಿಗೆ ಕಡಲೆಕಾಯಿಯ ತಿನಿಸು ಕೊಡುತ್ತಾ ಬಂದರು, ಉಳಿದವರಿಗೆ ಪೂರ್ತಿ ದೂರ ಇಟ್ಟರು. ಶುರುವಿನಲ್ಲಿ ಚರ್ಮದ ಪರೀಕ್ಷೆಯಲ್ಲಿ ಏನೂ ಕಾಣದಿದ್ದ ಮಕ್ಕಳನ್ನೇ ಲೆಕ್ಕ ಹಿಡಿದರೆ, ಐದು ವರ್ಷವಾದಾಗ ದೂರ ಇಟ್ಟವರಲ್ಲಿ ಶೇ 13.7 ಮಕ್ಕಳಿಗೆ ಅಲರ್ಜಿ ಬಂದಿತ್ತು. ತಿಂದವರಲ್ಲಿ ಶೇ 1.9 ಮಾತ್ರ. ಎಳೆಯ ಕರುಳು ತಿಂದು ತಿಂದೇ ತಾಳ್ಮೆ ಕಲಿಯುತ್ತದೆ.

ಇಡೀ ಕಡಲೆಕಾಯಿ ಮಾತ್ರ ಖಂಡಿತ ಬೇಡ, ಉಸಿರುನಾಳಕ್ಕೆ ಸಿಕ್ಕಿಕೊಳ್ಳುತ್ತದೆ. ನುಣ್ಣಗೆ ಅರೆದು, ತೆಳುಮಾಡಿ, ಚಮಚದ ತುದಿಯಷ್ಟು. ಮೊಟ್ಟೆ ಚೆನ್ನಾಗಿ ಬೆಂದಿರಲಿ. ಮಗು ತಲೆ ನಿಲ್ಲಿಸಿ ಕೂರುವಂತಾಗಿ, ಬೇರೆ ಮೆತ್ತನೆಯ ಆಹಾರ ನುಂಗಲು ಕಲಿತ ಮೇಲೆ ಕೊಡಿ. ಜೋರಾದ ಎಕ್ಸಿಮಾ, ಅಂದರೆ ಚರ್ಮ ಕೆಂಪಾಗಿ ತುರಿಸುವ ಕಾಯಿಲೆ, ಇದ್ದರೆ ಮೊದಲು ಮಕ್ಕಳ ಡಾಕ್ಟರಿಗೆ ತೋರಿಸಿ. ತಾಯಿಯ ಹಾಲು ನಿಲ್ಲಿಸಬೇಡಿ. ಅದರಲ್ಲಿ ಐಜಿಎ ಅನ್ನುವ ಪ್ರತಿಕಾಯ ಇದೆ, ಅದು ಕೂಸಿನ ಕರುಳಿಗೆ ಲೇಪದ ಹಾಗೆ. ಜೊತೆಗೆ ಕೂಸಿಗೇ ಜೀರ್ಣವಾಗದ ಸಕ್ಕರೆಗಳೂ ಇವೆ, ಸುಮಾರು 200 ಬಗೆ. ಅವು ಕೂಸಿನ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗೆ ಅಂತಲೇ ಬರುವ ಊಟ. ಹಾಲೂಡಿಸುವ ತಾಯಿ ಮಗುವಿಗೆ ಮಾತ್ರವಲ್ಲ, ಅವುಗಳಿಗೂ ಉಣಿಸುತ್ತಾಳೆ. ಇದನ್ನು ಮೊದಲ ಸಲ ಓದಿದಾಗ ನನ್ನ ಕಣ್ಣು ತುಂಬಿತ್ತು.

*

ಪ್ರಶ್ನೆ: ಆ್ಯಂಟಿಬಯೋಟಿಕ್ ಮುಗಿದ ಮೇಲೆ ಪ್ರೊಬಯೋಟಿಕ್ ಕ್ಯಾಪ್ಸೂಲ್ ತೆಗೆದುಕೊಳ್ಳಬೇಕಾ, ಮೊಸರು ಸಾಕಾ?

ಉತ್ತರ: ಪ್ರೊಬಯೋಟಿಕ್ ಅಂದರೆ ಒಳ್ಳೆಯ ಬ್ಯಾಕ್ಟೀರಿಯಾ ತುಂಬಿದ ಕ್ಯಾಪ್ಸೂಲ್. ಆರೋಗ್ಯವಾಗಿದ್ದರೆ ಅದು ಕಡ್ಡಾಯವೇನಲ್ಲ. 2018ರಲ್ಲಿ ಇಸ್ರೇಲಿನ ವಿಜ್ಞಾನಿಗಳು ನೋಡಿದಾಗ, ಆ್ಯಂಟಿಬಯೋಟಿಕ್ ನಂತರ ಕ್ಯಾಪ್ಸೂಲ್ ನುಂಗಿದವರಲ್ಲಿ ತಮ್ಮದೇ ಹಳೆಯ ಬ್ಯಾಕ್ಟೀರಿಯಾ ವಾಪಸ್ ಬರುವುದು ತಡವಾಯಿತು. ಹುದುಗಿಸಿದ ಆಹಾರದ ಕಥೆ ಬೇರೆ. 2021ರಲ್ಲಿ ಸ್ಟ್ಯಾನ್‌ಫರ್ಡ್‌ನವರು 36 ಜನರ ಮೇಲೆ ಅಧ್ಯಯನ ಮಾಡಿದರು. ಮೊಸರಿನಂಥ ಹುದುಗಿಸಿದ ಆಹಾರವನ್ನು ಹತ್ತು ವಾರ ಹೆಚ್ಚಾಗಿ ತಿಂದ ಗುಂಪಿನಲ್ಲಿ ಬ್ಯಾಕ್ಟೀರಿಯಾದ ಬಗೆಗಳು ಹೆಚ್ಚಿದವು, ರಕ್ತದಲ್ಲಿ ಉರಿಯೂತದ 19 ಪ್ರೋಟೀನುಗಳು ಇಳಿದವು. ಸಣ್ಣ ಅಧ್ಯಯನ, ಆದರೂ ಮೊಸರು ತಿನ್ನಲು ನನಗಷ್ಟು ಸಾಕು. ಜೊತೆಗೆ ಮೇಷ್ಟ್ರಿಗೆ ಹೇಳಿದ ಕಾಳು, ಸೊಪ್ಪು ಇರಲಿ.

*

ಪ್ರಶ್ನೆ: ಅಪ್ಪ ಆರು ದಿನದಿಂದ ಐಸಿಯುನಲ್ಲಿದ್ದಾರೆ, ವೆಂಟಿಲೇಟರ್ ಮೇಲೆ. ಎರಡನೇ ದಿನವೇ ಮೂಗಿನಿಂದ ಟ್ಯೂಬ್ ಹಾಕಿ ಆಹಾರ ಬಿಡತೊಡಗಿದರು. ಡ್ರಿಪ್ಪಿನಲ್ಲೇ ಎಲ್ಲ ಕೊಡಬಹುದಲ್ವಾ? ಪ್ರಜ್ಞೆಯಿಲ್ಲದವರ ಹೊಟ್ಟೆಗೆ ಯಾಕೆ ಹಿಂಸೆ ಅಂತ ನಮ್ಮ ಮನೆಯಲ್ಲಿ ಎಲ್ಲರಿಗೂ ಸಂಕಟ.

ಉತ್ತರ: ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೆ ಆ ಡಾಕ್ಟರುಗಳು ಮಾಡಿದ್ದು ಸರಿ. ಕರುಳಿನ ಕೋಶಗಳಿಗೆ ರಕ್ತದಿಂದ ಮಾತ್ರವಲ್ಲ, ಮುಂದೆ ಹಾದುಹೋಗುವ ಆಹಾರದಿಂದಲೂ ನೇರವಾಗಿ ಊಟ ಸಿಗಬೇಕು. ಎಲ್ಲವನ್ನೂ ರಕ್ತನಾಳದಿಂದ ಕೊಟ್ಟು ಕರುಳನ್ನು ಖಾಲಿ ಇಟ್ಟ ಪ್ರಾಣಿಗಳಲ್ಲಿ ಕೆಲವೇ ದಿನಕ್ಕೆ ಗೋಡೆಯ ಎಳೆಗಳು ಗಿಡ್ಡವಾಗುತ್ತವೆ, ಐಜಿಎ ಇಳಿಯುತ್ತದೆ. ಹೊಟ್ಟೆಗೆ ಪೂರ್ತಿ ಊಟ ಹೋಗದಿದ್ದರೂ ಸ್ವಲ್ಪ ಸ್ವಲ್ಪ ಹನಿಸುತ್ತಿದ್ದರೆ ಕಾವಲು ಎಚ್ಚರವಾಗಿರುತ್ತದೆ. ರಕ್ತದೊತ್ತಡ ತೀರಾ ಕುಸಿದಿಲ್ಲ, ಕರುಳು ಕಟ್ಟಿಕೊಂಡಿಲ್ಲ ಅಂದರೆ 24ರಿಂದ 48 ಗಂಟೆಯೊಳಗೆ ಟ್ಯೂಬಿನಲ್ಲಿ ಶುರು ಮಾಡುವುದು ಈಗಿನ ಪದ್ಧತಿ. ಮೊದಲು ಗಂಟೆಗೆ ಕೆಲವೇ ಚಮಚ, ಆಮೇಲೆ ಏರಿಸುತ್ತಾರೆ. ಅದರಲ್ಲಿ ಹಿಂಸೆ ಇಲ್ಲ.

ನೋಡಲು ಒಳಗೆ ಬಿಟ್ಟಾಗ ಒಂದು ಗಮನಿಸಿ. ಮಂಚದ ತಲೆಯ ಕಡೆ 30ರಿಂದ 45 ಡಿಗ್ರಿ ಎತ್ತಿರಬೇಕು. ಇಲ್ಲದಿದ್ದರೆ ಆಹಾರ ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ಚಪ್ಪಟೆಯಾಗಿ ಕಂಡರೆ ಸಂಕೋಚ ಬೇಡ, ನರ್ಸಿಗೆ ಹೇಳಿ. ಅಪ್ಪನಿಗೆ ಎಚ್ಚರವಾಗಿ ಟ್ಯೂಬ್ ತೆಗೆದ ದಿನ ಪ್ರೀತಿಯಿಂದ ನೀವೇ ನೀರು ಕುಡಿಸಲು ಹೋಗಬೇಡಿ. ನುಂಗಲು ಆಗುತ್ತದೆಯಾ ಅಂತ ಅಲ್ಲಿನವರು ಪರೀಕ್ಷಿಸಲಿ. ಆಮೇಲೆ ಮೊದಲ ಚಮಚ ನಿಮ್ಮ ಕೈಯಿಂದಲೇ ಕೊಡಿ. ಕೊಟ್ಟ ದಿನ ನನಗೂ ಒಂದು ಸಾಲು ಬರೆಯಿರಿ, ಕಾಯುತ್ತಿರುತ್ತೇನೆ.